ಬಟಾಬಯಲಲ್ಲಿ ನಿಂತು ಒಂದು ಸುತ್ತು

ವಿಜಯಪುರದಿಂದ ಪಡುವಣ ದಿಕ್ಕಿಗೆ ಹೊರಟ ಬಸ್ಸು ಊರಂಚಿನ ಮನೆಗಳನ್ನು ದಾಟಿತೆಂದರೆ ಕಿಟಕಿಯಾಚೆ ಮುಖ್ಯವಾಗಿ ಉಳಿಯುವುದು ಎರಡೇ: ಕೆಳಗೆ ನೆಲ, ಮೇಲೆ ಮುಗಿಲು. ಇಟ್ಟಂಗಿಹಾಳದ ಆಸುಪಾಸಿನಲ್ಲಿ ರಸ್ತೆ ಬದಿಗೆ ಇಳಿದು ನಿಂತವನಿಗೆ ಕಾಣುವುದು ಬಯಲೇ ಬಯಲು. ಬೇಸಿಗೆಯಲ್ಲಂತೂ ಸುಗ್ಗಿ ಮುಗಿದ ಎರೆಹೊಲ ಬಾಯಿ ಬಿಟ್ಟುಕೊಂಡಿರುತ್ತದೆ. ಡಾಂಬರು ರಸ್ತೆಯ ತುದಿಯಲ್ಲಿ ಬಿಸಿಲುಗುದುರೆ ಕುಣಿಯುತ್ತಿರುತ್ತದೆ. ಇಂಥ ಜಾಗದಲ್ಲಿ ಹುಡುಗನೊಬ್ಬ ಕ್ಯಾಮೆರಾ ಹೊರತೆಗೆದರೆ ಹಿರಿಯರು ನಗುವುದು ಸಹಜವೇ. ‘ಇಲ್ಲೇನೈತಿ ಫೋಟೊ ತಗ್ಯಾಕ? ಗೋಳಗುಮ್ಮಟಕ್ಕ ಹೋಗು’ ಎಂದು ಬುದ್ಧಿ ಹೇಳುವುದೂ ಉಂಟು.

ಆದರೆ ‘ಏನೂ ಇಲ್ಲ’ ಎನ್ನಿಸುವ ಜಾಗದ ಚಿತ್ರ ತೆಗೆಯುವುದೇ ಛಾಯಾಗ್ರಹಣದಲ್ಲಿ ಕಷ್ಟದ ಕೆಲಸ. ಗುಮ್ಮಟವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ಬಯಲನ್ನು ಹಾಗೆ ಹಿಡಿಯಲಾಗದು. ಬಯಲಿನ ಗುಣವಿರುವುದೇ ಅದರ ವಿಸ್ತಾರದಲ್ಲಿ. ಒಂದು ತುಂಡನ್ನು ಕತ್ತರಿಸಿ ತೋರಿಸಿದರೆ ಅದು ಬರೀ ಹೊಲವಾಗಿ ಉಳಿಯುತ್ತದೆ. ನಿಂತಲ್ಲೇ ಒಂದು ಸುತ್ತು ತಿರುಗಿ ಕಂಡದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸಿದಾಗ ಮಾತ್ರ ಅದು ಬಯಲಾಗುತ್ತದೆ. ಅಂಥ ಚಿತ್ರಕ್ಕೆ ಪನೋರಮಾ ಎಂದು ಹೆಸರು.

ಮರುಭೂಮಿಯಂತೆ ಕಂಡರೂ ಮರುಭೂಮಿಯಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವಿಜಯಪುರದ ಬಯಲನ್ನು ಏಪ್ರಿಲ್‌ನಲ್ಲಿ ನೋಡಿದ ಪರವೂರಿನವರು ‘ಮರುಭೂಮಿ’ ಎಂದುಬಿಡುತ್ತಾರೆ. ಅದು ಸರಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುವುದು ರೂಢಿ. ಈ ಜಿಲ್ಲೆಯಲ್ಲಿ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ತೊಂದರೆ ಇರುವುದು ಅದು ಬೀಳುವ ರೀತಿಯಲ್ಲಿ. ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಕೈಕೊಡುತ್ತದೆ. ಎರೆಮಣ್ಣು ಮಾತ್ರ ಬಿದ್ದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವವನ್ನೇ ನಂಬಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಫೆಬ್ರುವರಿ–ಮಾರ್ಚಿಗೆ ಕೊಯಿಲಿಗೆ ಬರುತ್ತದೆ.

ಹೀಗಾಗಿ ಮೇ ತಿಂಗಳ ಬಯಲೂ ಜನವರಿಯ ಬಯಲೂ ಒಂದೇ ಊರಿನವು ಎಂದು ಹೇಳಿದರೆ ನಂಬುವುದು ಕಷ್ಟ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎದೆಯೆತ್ತರಕ್ಕೆ ನಿಂತಿದ್ದ ಜೋಳ, ಯುಗಾದಿಯ ಹೊತ್ತಿಗೆ ಕಣದಲ್ಲಿರುತ್ತದೆ. ಹೊಲದಲ್ಲಿ ಕೂಳೆ ಮಾತ್ರ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದೇ ಜಾಗದಲ್ಲಿ ನಿಂತು ತೆಗೆದ ಎರಡು ಉದ್ದನೆಯ ಚಿತ್ರಗಳು ಚೆನ್ನಾಗಿ ಹೇಳಬಲ್ಲವು.

ಹಕ್ಕಿಯ ನೋಟವಲ್ಲ, ಮನುಷ್ಯನ ನೋಟ

ಪನೋರಮಾ ಎಂಬ ಪದವನ್ನು ಕನ್ನಡದಲ್ಲಿ ಅನೇಕರು ‘ವಿಹಂಗಮ ನೋಟ’ ಎಂದು ಬರೆಯುತ್ತಾರೆ. ವಿಹಂಗಮ ಎಂದರೆ ಹಕ್ಕಿ. ಮೇಲಿನಿಂದ ಕೆಳಗೆ ನೋಡುವುದು ಅದರ ನೋಟ. ಪನೋರಮಾ ಹಾಗಲ್ಲ. ಗ್ರೀಕ್ ಭಾಷೆಯಲ್ಲಿ ‘ಎಲ್ಲ’ ಮತ್ತು ‘ನೋಟ’ ಎಂಬ ಎರಡು ಪದಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. ನೆಲದ ಮೇಲೆ ನಿಂತ ಮನುಷ್ಯ ಸುತ್ತಲೂ ತಿರುಗಿ ನೋಡಿದರೆ ಏನು ಕಾಣುತ್ತದೋ ಅದೇ ಪನೋರಮಾ.

ಕ್ಯಾಮೆರಾ ಹುಟ್ಟುವುದಕ್ಕೆ ಮೊದಲೇ ಈ ಕಲೆ ಹುಟ್ಟಿತ್ತು. ರಾಬರ್ಟ್ ಬಾರ್ಕರ್ ಎಂಬ ಕಲಾವಿದ 1787ರಲ್ಲಿ ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ದುಂಡನೆಯ ಕಟ್ಟಡದ ಒಳಗೋಡೆಗೆ ಉದ್ದನೆಯ ಚಿತ್ರವನ್ನು ಸುತ್ತಿ, ನಡುವೆ ನಿಂತ ಪ್ರೇಕ್ಷಕನಿಗೆ ತಾನು ಆ ಜಾಗದಲ್ಲೇ ಇದ್ದೇನೆ ಎನ್ನಿಸುವಂತೆ ಮಾಡುವುದು ಅವನ ಉಪಾಯ. ಲಂಡನ್ನಿನ ಜನ ದುಡ್ಡು ಕೊಟ್ಟು ಇಂಥ ಚಿತ್ರಗಳನ್ನು ನೋಡಲು ಸಾಲುಗಟ್ಟತೊಡಗಿದರು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ, ಅಂದರೆ 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ಆ ಮುತ್ತಿಗೆಯ ಸುಮಾರು 120 ಅಡಿ ಉದ್ದದ ಚಿತ್ರ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದ. ಅವನು ಕಾವೇರಿಯನ್ನಾಗಲೀ ಶ್ರೀರಂಗಪಟ್ಟಣದ ಕೋಟೆಯನ್ನಾಗಲೀ ಕಣ್ಣಾರೆ ಕಂಡವನಲ್ಲ. ಆದರೂ ಇಂಗ್ಲೆಂಡಿನ ಸಾವಿರಾರು ಜನ ಅದನ್ನು ನೋಡಿ ‘ಶ್ರೀರಂಗಪಟ್ಟಣ ಇರುವುದು ಹೀಗೆ’ ಎಂದು ತಿಳಿದುಕೊಂಡರು. ಅತ್ತ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ, 1780ರ ಪೊಳ್ಳಿಲೂರು ಕದನದ ವಿಶಾಲವಾದ ವರ್ಣಚಿತ್ರ ಇಂದಿಗೂ ಇದೆ. ಅಲ್ಲಿ ಸೋತವರು ಇಂಗ್ಲಿಷರು. ಒಂದೇ ಕಾಲದ ಎರಡು ದೊಡ್ಡ ಚಿತ್ರಗಳು. ಎರಡು ಕಡೆಯವರ ಎರಡು ಕಥೆಗಳು. ಚಿತ್ರ ಎಷ್ಟೇ ಅಗಲವಾಗಿದ್ದರೂ ಅದನ್ನು ಬರೆದವನು ಎಲ್ಲಿ ನಿಂತಿದ್ದ ಎಂಬ ಪ್ರಶ್ನೆ ತಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಕಾಗದದ ನೆಗೆಟಿವ್‌ಗಳ ಕಾಲ

ಛಾಯಾಗ್ರಹಣದ ಸುದ್ದಿ ಜಗತ್ತಿಗೆ ತಿಳಿದದ್ದು 1839ರಲ್ಲಿ. ಅದಾಗಿ ಹದಿನಾರೇ ವರ್ಷಕ್ಕೆ ಕ್ಯಾಮೆರಾ ವಿಜಯಪುರಕ್ಕೆ ಬಂತು. ಮುಂಬಯಿ ಸರಕಾರ 1855ರಲ್ಲಿ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬವರನ್ನು ಛಾಯಾಗ್ರಾಹಕನನ್ನಾಗಿ ನೇಮಿಸಿ, ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ಕಳುಹಿಸಿತು. ವಿಜಯಪುರ, ಬಾದಾಮಿ, ಐಹೊಳೆಗಳ ಮೊದಮೊದಲ ಫೋಟೊಗಳು ಹೀಗೆ ತಯಾರಾದವು. ಬಿಗ್ಸ್ ಮತ್ತು ಇತರರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥಗಳಾಗಿ ಹೊರಬಂದವು. ವಿಜಯಪುರದ ಗ್ರಂಥಕ್ಕೆ ಇತಿಹಾಸ ಬರೆದವರು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್.

ಆಗ ಫಿಲಂ ಇರಲಿಲ್ಲ. ರಾಸಾಯನಿಕ ಬಳಿದ ಕಾಗದವೇ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಕಲ್ಲುಗಳು ಚಿತ್ರದಲ್ಲಿ ಉಳಿದವು. ಓಡಾಡುವ ಜನ ಅಳಿಸಿಹೋದರು. ಆ ಕಾಲದ ಚಿತ್ರಗಳಲ್ಲಿ ಊರುಗಳು ಬಿಕೋ ಎನ್ನುವುದಕ್ಕೆ ಇದೂ ಒಂದು ಕಾರಣ.

ಉದ್ದನೆಯ ಚಿತ್ರದ ಆಸೆ ಅಂದಿನವರಿಗೂ ಇತ್ತು. ಬೇಲೂರು, ಹಳೇಬೀಡುಗಳ ಚಿತ್ರ ತೆಗೆದಿದ್ದ ಲಿನಿಯಸ್ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಪಾಯದ ಸುತ್ತ ಇರುವ ಶಾಸನವನ್ನು ತುಂಡುತುಂಡಾಗಿ ತೆಗೆದು, 21 ಪ್ರತಿಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಸುರುಳಿ ಮಾಡಿದ. ಅದೇ ವರ್ಷ ಫೆಲಿಚೆ ಬಿಯಾಟೊ ದಿಲ್ಲಿ ಮತ್ತು ಲಖನೌ ನಗರಗಳ ಪನೋರಮಾ ತೆಗೆದ. ಇವೆರಡರಲ್ಲೂ ಒಂದು ಮುಖ್ಯ ವ್ಯತ್ಯಾಸವಿದೆ. ಬಿಯಾಟೊ ಒಂದು ಕಡೆ ನಿಂತು ಕ್ಯಾಮೆರಾ ತಿರುಗಿಸಿದ. ಟ್ರೈಪ್ ಗೋಡೆಯ ಉದ್ದಕ್ಕೂ ಕ್ಯಾಮೆರಾ ಹೊತ್ತು ನಡೆದ. ಬಯಲಿಗೆ ಬೇಕಾದದ್ದು ಬಿಯಾಟೊನ ದಾರಿ.

ಇಟ್ಟಂಗಿ ಇಟ್ಟಂತೆ

ಉತ್ತರ ಕರ್ನಾಟಕದಲ್ಲಿ ಇಟ್ಟಿಗೆಗೆ ಇಟ್ಟಂಗಿ ಎನ್ನುತ್ತಾರೆ. ಊರ ಹೆಸರಿನಲ್ಲೇ ಇರುವ ಈ ಇಟ್ಟಂಗಿ ಪನೋರಮಾ ಕಲಿಯಲು ಒಳ್ಳೆಯ ಹೋಲಿಕೆ. ಗೌಂಡಿ ಗೋಡೆ ಕಟ್ಟುವಾಗ ಒಂದು ಇಟ್ಟಂಗಿಯ ಕೀಲಿನ ಮೇಲೆ ಇನ್ನೊಂದರ ಹೊಟ್ಟೆ ಬರುವಂತೆ ಇಡುತ್ತಾನೆ. ಪನೋರಮಾದಲ್ಲೂ ಹಾಗೆ. ಒಂದು ಚಿತ್ರದ ಅಂಚು ಮುಂದಿನ ಚಿತ್ರದ ಒಳಗೆ ಮೂರನೆಯ ಒಂದು ಪಾಲಿನಷ್ಟಾದರೂ ಬರಬೇಕು. ಅಂಚಿಗೆ ಅಂಚು ತಾಗಿಸಿ ತೆಗೆದರೆ ಗೋಡೆ ಬಿರುಕು ಬಿಡುತ್ತದೆ.

ಇಲ್ಲಿ ಶಾಲೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಸುತ್ತಿಗೆ 360 ಡಿಗ್ರಿ. ಫಿಲಂ ಕಾಲದ ಸಾಮಾನ್ಯ 50 ಮಿಲಿಮೀಟರ್ ಲೆನ್ಸ್, ಅಡ್ಡ ಹಿಡಿದಾಗ, ಸುಮಾರು 40 ಡಿಗ್ರಿ ಅಗಲವನ್ನು ನೋಡುತ್ತದೆ. ಮೂರನೆಯ ಒಂದು ಪಾಲು ಒತ್ತಿಗೆ ಹೋದರೆ ಪ್ರತಿ ಚಿತ್ರದಿಂದ ಹೊಸದಾಗಿ ಸಿಗುವುದು 27 ಡಿಗ್ರಿ. 360ನ್ನು 27ರಿಂದ ಭಾಗಿಸಿದರೆ ಹದಿಮೂರಕ್ಕಿಂತ ತುಸು ಹೆಚ್ಚು. ಅಂದರೆ ಹದಿನಾಲ್ಕು ಚಿತ್ರ ಬೇಕು. 36 ಚಿತ್ರಗಳ ಒಂದು ರೋಲಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಒಂದೇ ಸುತ್ತಿಗೆ ಖರ್ಚು! ಮದುವೆ, ಮುಂಜಿಗೆಂದು ಲೆಕ್ಕ ಹಾಕಿ ರೋಲು ತರುತ್ತಿದ್ದ ಮನೆಗಳಲ್ಲಿ ಬಯಲಿನ ಚಿತ್ರ ಏಕೆ ಇಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಈಗಿನ ಮೊಬೈಲಿನ ಮುಖ್ಯ ಲೆನ್ಸ್ ಇನ್ನೂ ಅಗಲವಾಗಿ ನೋಡುತ್ತದೆ. ಅನೇಕ ಫೋನುಗಳಲ್ಲಿ ಅದು 26 ಮಿಲಿಮೀಟರ್ ಲೆನ್ಸಿಗೆ ಸಮ. ಫೋನನ್ನು ಉದ್ದುದ್ದ ಹಿಡಿದರೆ ಸುಮಾರು 50 ಡಿಗ್ರಿ. ಒತ್ತು ಕಳೆದು 33 ಡಿಗ್ರಿ. ಹನ್ನೊಂದು ಚಿತ್ರಕ್ಕೆ ಸುತ್ತು ಮುಗಿಯುತ್ತದೆ. ಅಡ್ಡ ಹಿಡಿದರೆ ಚಿತ್ರದ ಸಂಖ್ಯೆ ಕಡಿಮೆಯಾಗುತ್ತದೆ, ನಿಜ. ಆದರೆ ಎತ್ತರ ಸಿಗುವುದಿಲ್ಲ. ಪಟ್ಟಿ ತೀರ ಸಪೂರವಾಗಿ, ಮುಗಿಲಿನ ಮೋಡವೂ ಕಾಲ ಬುಡದ ಬಿರುಕೂ ಹೊರಗುಳಿಯುತ್ತವೆ.

ತಿರುಗಬೇಕಾದದ್ದು ಲೆನ್ಸು

ಹೊಸಬರು ಮಾಡುವ ದೊಡ್ಡ ತಪ್ಪು ಒಂದಿದೆ. ಕೈ ಮುಂದೆ ಚಾಚಿ ಫೋನು ಹಿಡಿದು, ತಾವು ಗಾಣದ ಎತ್ತಿನಂತೆ ತಿರುಗುತ್ತಾರೆ. ಆಗ ಲೆನ್ಸು ನಿಂತಲ್ಲಿ ನಿಲ್ಲದೆ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಪರಿಣಾಮ ಏನೆಂದು ತಿಳಿಯಲು ಸುಲಭದ ಪ್ರಯೋಗ ಉಂಟು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಬೇಕು. ದೂರದ ಗಿಡ ಇದ್ದಲ್ಲೇ ಇರುತ್ತದೆ. ಹೆಬ್ಬೆರಳು ಮಾತ್ರ ಆಚೀಚೆ ಹಾರುತ್ತದೆ. ನೋಡುವ ಜಾಗ ಎರಡೂವರೆ ಅಂಗುಲ ಸರಿದರೂ ಸಾಕು, ಹತ್ತಿರದ ವಸ್ತು ದೂರದ ಹಿನ್ನೆಲೆಯ ಎದುರು ಸ್ಥಾನ ಬದಲಿಸಿಬಿಡುತ್ತದೆ. ಇದನ್ನು ಪ್ಯಾರಲ್ಯಾಕ್ಸ್ ಎನ್ನುತ್ತಾರೆ. ಆಕಾಶ ವಿಜ್ಞಾನಿಗಳು ನಕ್ಷತ್ರಗಳ ದೂರ ಅಳೆಯುವುದೂ ಇದೇ ಗುಣದಿಂದ. ಪನೋರಮಾ ತೆಗೆಯುವವನಿಗೆ ಮಾತ್ರ ಅದು ಶತ್ರು. ಹತ್ತಿರದ ಮೈಲುಗಲ್ಲು ಎರಡಾಗುವುದು, ತಂತಿಬೇಲಿ ತುಂಡಾಗುವುದು ಇದರಿಂದಲೇ.

ಪರಿಹಾರ ಸರಳ. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಲೆನ್ಸಿನ ನೇರಕ್ಕೆ ಫೋನಿನಿಂದ ಇಳಿಬಿಡಬೇಕು. ನೆಲದ ಮೇಲೆ ಒಂದು ಗುರುತು ಮಾಡಿ, ಕಲ್ಲು ಆ ಗುರುತಿನ ಮೇಲೆಯೇ ಇರುವಂತೆ ನೋಡಿಕೊಂಡು, ತಾನು ಅದರ ಸುತ್ತ ಹೆಜ್ಜೆ ಇಡಬೇಕು. ಮುಕ್ಕಾಲಿ ಪೀಠ ಇಲ್ಲದಿದ್ದರೂ ಚಿಂತೆಯಿಲ್ಲ. ಹಗ್ಗ ನೇತಾಡದಷ್ಟು ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಇದಕ್ಕೆ ಲೇಸು.

ಇನ್ನೊಂದು ಎಚ್ಚರ ಮಟ್ಟದ್ದು. ಕ್ಯಾಮೆರಾ ತುಸು ವಾಲಿದ್ದರೂ ಜೋಡಿಸಿದ ಚಿತ್ರದಲ್ಲಿ ದಿಗಂತ ಅಲೆಯಂತೆ ಏರಿಳಿಯುತ್ತದೆ. ಮಲೆನಾಡಿನ ಬೆಟ್ಟಗಳ ನಡುವೆ ಈ ತಪ್ಪು ಮುಚ್ಚಿಹೋಗಬಹುದು. ಇಟ್ಟಂಗಿಹಾಳದ ಬಯಲು ಮಾತ್ರ ಯಾರನ್ನೂ ಬಿಡುವುದಿಲ್ಲ. ಅಲ್ಲಿ ದಿಗಂತವೇ ರಸಮಟ್ಟ.

ಬೆಳಕು ಮತ್ತು ಬಿಸಿಲು

ಒಂದು ಸುತ್ತಿನಲ್ಲಿ ಸೂರ್ಯ ಎಲ್ಲೋ ಒಂದು ಕಡೆ ಇದ್ದೇ ಇರುತ್ತಾನೆ. ಅವನ ಕಡೆ ತಿರುಗಿದಾಗ ಕ್ಯಾಮೆರಾ ಬೆಳಕನ್ನು ಕಡಿಮೆ ಮಾಡಿಕೊಳ್ಳುತ್ತದೆ, ಬೆನ್ನು ತಿರುಗಿಸಿದಾಗ ಹೆಚ್ಚು ಮಾಡಿಕೊಳ್ಳುತ್ತದೆ. ಜೋಡಿಸಿದಾಗ ಮುಗಿಲು ಪಟ್ಟೆಪಟ್ಟೆಯಾಗುತ್ತದೆ. ಆದ್ದರಿಂದ ಸೂರ್ಯನಿಗೆ ಅಡ್ಡವಾಗಿರುವ ದಿಕ್ಕಿನಲ್ಲಿ ಬೆಳಕನ್ನು ಒಮ್ಮೆ ನಿಗದಿಮಾಡಿ, ಸುತ್ತು ಮುಗಿಯುವವರೆಗೆ ಅದನ್ನು ಬದಲಿಸಬಾರದು. ಅನೇಕ ಫೋನುಗಳಲ್ಲಿ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಹಾಗೇ ನಿಲ್ಲುತ್ತದೆ. ಸುತ್ತನ್ನು ಸೂರ್ಯನ ದಿಕ್ಕಿನಿಂದಲೇ ಆರಂಭಿಸಿ ಅಲ್ಲೇ ಮುಗಿಸಿದರೆ ಕಣ್ಣು ಕೋರೈಸುವ ಭಾಗ ಪಟ್ಟಿಯ ಎರಡು ತುದಿಗೆ ಹೋಗುತ್ತದೆ, ನಡುವೆ ಬರುವುದಿಲ್ಲ.

ನಡುಹಗಲು ಬೇಡ. ವಿಜಯಪುರ ಇರುವುದು ಉತ್ತರ ಅಕ್ಷಾಂಶ 16.8 ಡಿಗ್ರಿಯ ಹತ್ತಿರ. ಮೇ ತಿಂಗಳ ಮೊದಲ ವಾರದ ವೇಳೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆರಳು ಪಾದದ ಕೆಳಗೆ ಅಡಗುತ್ತದೆ. ನೆರಳಿಲ್ಲದ ನೆಲ ಚಿತ್ರದಲ್ಲಿ ಚಪ್ಪಟೆ. ಮೇಲಾಗಿ ಕಾದ ನೆಲದ ಮೇಲಿನ ಗಾಳಿ ನಡುಗುತ್ತಿರುವುದರಿಂದ ದೂರದ ಗಿಡ, ಕಂಬಗಳೆಲ್ಲ ಕರಗಿದಂತೆ ಕಾಣುತ್ತವೆ. ಬೆಳಗಿನ ಓರೆ ಬೆಳಕಿನಲ್ಲಾದರೆ ಒಂದೊಂದು ಹೆಂಟೆಗೂ ಒಂದೊಂದು ನೆರಳು.

ಸಾಸಿವೆಯಾದ ಗುಮ್ಮಟ

ಬಯಲಲ್ಲಿ ನಿಂತವನಿಗೆ ಎಷ್ಟು ದೂರ ಕಾಣುತ್ತದೆ? ನೆಲ ಸಮತಟ್ಟಾಗಿದ್ದರೆ, ಕಣ್ಣಿನ ಎತ್ತರ 1.6 ಮೀಟರ್ ಎಂದುಕೊಂಡರೆ, ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೊಮೀಟರ್ ದೂರದಲ್ಲಿ. ಭೂಮಿ ದುಂಡಗಿರುವುದರಿಂದ ಅದರಾಚೆಯ ನೆಲ ಕಣ್ಣಿಗೆ ಬೀಳದು. ಆದರೆ ಎತ್ತರದ ವಸ್ತುಗಳು ದಿಗಂತದಾಚೆಯಿಂದಲೂ ಇಣುಕುತ್ತವೆ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಎತ್ತರ 51 ಮೀಟರ್. ಲೆಕ್ಕದ ಪ್ರಕಾರ ಅದರ ನೆತ್ತಿ 30 ಕಿಲೊಮೀಟರ್ ದೂರದವರೆಗೂ ಕಾಣಬೇಕು. ನಡುವೆ ದಿಣ್ಣೆ, ಮರ, ಧೂಳು ಅಡ್ಡ ಬಾರದಿರಬೇಕು, ಅಷ್ಟೆ.

ಕಾಣುವುದೇನೋ ಸರಿ, ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ? ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಹತ್ತು ಕಿಲೊಮೀಟರ್ ದೂರದಿಂದ ಅದು ಕಾಲು ಡಿಗ್ರಿ ಮಾತ್ರ; ಹುಣ್ಣಿಮೆಯ ಚಂದ್ರನ ಅರ್ಧದಷ್ಟು. ಫೋನಿನ ಚಿತ್ರದಲ್ಲಿ ಒಂದು ಡಿಗ್ರಿಗೆ 60 ಚುಕ್ಕೆಗಳು ಎಂದಿಟ್ಟುಕೊಂಡರೆ, ಜಗತ್ಪ್ರಸಿದ್ಧ ಗುಮ್ಮಟಕ್ಕೆ ಸಿಗುವುದು 15 ಚುಕ್ಕೆ! ಕಣ್ಣಿಗೆ ಬೆಟ್ಟದಂತೆ ಕಂಡದ್ದು ಚಿತ್ರದಲ್ಲಿ ಸಾಸಿವೆ. ಪನೋರಮಾ ತೆಗೆದವರೆಲ್ಲ ಮೊದಲ ಸಲ ನಿರಾಶರಾಗುವುದು ಇಲ್ಲೇ. ಆದ್ದರಿಂದ ಹತ್ತಿರದಲ್ಲಿ ಏನಾದರೂ ಇರಬೇಕು: ಒಂದು ಬೇವಿನ ಮರ, ಒಂದು ಮೈಲುಗಲ್ಲು, ಬಸ್ಸಿಗೆ ಕಾದು ನಿಂತ ಅಜ್ಜ. ಅಜ್ಜನನ್ನು ಮಾತ್ರ ಕೇಳಿಯೇ ಚಿತ್ರ ತೆಗೆಯಬೇಕು.

ಬಸ್ಸು ಉದ್ದವಾಗುವ ಬಗೆ

ಬಿಡಿ ಚಿತ್ರಗಳನ್ನು ಜೋಡಿಸುವ ಬದಲು ಒಂದೇ ಬೀಸಿನಲ್ಲಿ ಪನೋರಮಾ ತೆಗೆಯುವ ಸೌಕರ್ಯ ಇಂದಿನ ಫೋನುಗಳಲ್ಲಿದೆ. ಉಪಾಯ ಹಳೆಯದು. 1904ರಲ್ಲಿ ಪೇಟೆಂಟ್ ಪಡೆದ ‘ಸರ್ಕಟ್’ ಎಂಬ ಅಮೆರಿಕದ ಕ್ಯಾಮೆರಾ ಕೀಲಿ ಕೊಟ್ಟರೆ ತಾನೇ ಮುಕ್ಕಾಲಿಯ ಮೇಲೆ ತಿರುಗುತ್ತಿತ್ತು. ಒಳಗೆ ಸೀಳುಗಂಡಿಯ ಹಿಂದೆ ಉದ್ದನೆಯ ಫಿಲಂ ಸರಿಯುತ್ತಿತ್ತು. ಶಾಲೆಗಳ ಗುಂಪು ಚಿತ್ರ ತೆಗೆಯಲು ಇದನ್ನು ಬಹಳ ಬಳಸಿದರು. ಎಡತುದಿಯಲ್ಲಿ ನಿಂತ ತುಂಟ ಹುಡುಗ, ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಹಿಂದಿನಿಂದ ಓಡಿ ಬಲತುದಿಯಲ್ಲಿ ನಿಂತರೆ, ಒಂದೇ ಚಿತ್ರದಲ್ಲಿ ಎರಡು ಸಲ ಕಾಣುತ್ತಿದ್ದ!

ಫೋನು ಮಾಡುವುದೂ ಬಹುಮಟ್ಟಿಗೆ ಇದನ್ನೇ. ತಿರುಗುವ ವೇಗವನ್ನು ಒಳಗಿನ ಗೈರೊಸ್ಕೋಪು ಅಳೆಯುತ್ತದೆ. ಪ್ರತಿ ಚಿತ್ರದ ನಡುವಿನ ಸಣ್ಣ ಪಟ್ಟಿಯನ್ನು ಕತ್ತರಿಸಿ ಒಂದರ ಪಕ್ಕ ಒಂದು ಅಂಟಿಸುತ್ತದೆ. ರಸ್ತೆಯ ಮೇಲೆ ಬಸ್ಸೊಂದು ಕ್ಯಾಮೆರಾ ತಿರುಗುವ ದಿಕ್ಕಿನಲ್ಲೇ ಹೋದರೆ ಪಟ್ಟಿಪಟ್ಟಿಯಲ್ಲೂ ಅದೇ ಸಿಕ್ಕಿ ರೈಲಿನಂತೆ ಉದ್ದವಾಗುತ್ತದೆ. ಎದುರು ಬಂದರೆ ಕುಗ್ಗಿ ಡಬ್ಬಿಯಾಗುತ್ತದೆ.

ರಸ್ತೆಗೂ ಒಂದು ವಿಚಿತ್ರವಿದೆ. ನೇರ ರಸ್ತೆಯ ಬದಿಯಲ್ಲಿ ನಿಂತು ಪೂರ್ತಿ ಸುತ್ತು ತೆಗೆದರೆ, ಅದೇ ರಸ್ತೆ ಎರಡು ಕಡೆ ದಿಗಂತವನ್ನು ಮುಟ್ಟುತ್ತದೆ; ನಡುವೆ ಬಿಲ್ಲಿನಂತೆ ಬಾಗುತ್ತದೆ. ರಸ್ತೆ ಬಾಗಿದ್ದಲ್ಲ. ನೋಡುವವನ ಸುತ್ತ ಕೊಳವೆಯಾಗಿ ಸುತ್ತಿದ್ದ ಕಾಗದವನ್ನು ಬಿಡಿಸಿ ಮೇಜಿನ ಮೇಲೆ ಹಾಸಿದ್ದರ ಫಲ ಅದು. ಚಿತ್ರವನ್ನು ಅಚ್ಚುಹಾಕಿಸಿ ಮತ್ತೆ ಕೊಳವೆಯಂತೆ ಸುತ್ತಿ ನಡುವಿನಿಂದ ನೋಡಿದರೆ ರಸ್ತೆ ನೇರವಾಗುತ್ತದೆ. ಬಾರ್ಕರನ ದುಂಡು ಕಟ್ಟಡದ ಗುಟ್ಟು ಇದೇ.

ಬಿಡಿ ಚಿತ್ರಗಳನ್ನು ಕಂಪ್ಯೂಟರು ಹೇಗೆ ಹೊಂದಿಸುತ್ತದೆ? ಎರಡು ಚಿತ್ರಗಳಲ್ಲೂ ಇರುವ ಗುರುತುಗಳನ್ನು, ಅಂದರೆ ಕಲ್ಲಿನ ಮೂಲೆ, ಕೊಂಬೆಯ ಕವಲು ಇಂಥವನ್ನು, ಹುಡುಕಿ ಹೊಂದಿಸುತ್ತದೆ. ಕೆನಡಾದ ಡೇವಿಡ್ ಲೋವ್ 1999ರಲ್ಲಿ ಇಂಥ ಗುರುತು ಹುಡುಕುವ ವಿಧಾನವೊಂದನ್ನು ಪ್ರಕಟಿಸಿದರು. 2003ರಲ್ಲಿ ಅವರೂ ಮ್ಯಾಥ್ಯೂ ಬ್ರೌನ್ ಅವರೂ ಸೇರಿ ಅದರಿಂದ ತಾನಾಗಿ ಪನೋರಮಾ ಜೋಡಿಸುವುದನ್ನು ತೋರಿಸಿಕೊಟ್ಟರು. ಬೋಳು ನೆಲ, ಬೋಳು ಮುಗಿಲು ಮಾತ್ರ ಇರುವಲ್ಲಿ ಗುರುತುಗಳೇ ಸಿಗದೆ ಕಂಪ್ಯೂಟರು ಸೋಲುತ್ತದೆ. ಬಯಲಿನ ಚಿತ್ರ ಕಷ್ಟ ಎಂದದ್ದು ಇದಕ್ಕೂ ಅನ್ವಯಿಸುತ್ತದೆ. ಬೆಳಗಿನ ನೆರಳು, ನೇಗಿಲ ಗೆರೆ, ತಂತಿಕಂಬ ಇವೆಲ್ಲ ಅಲ್ಲಿ ಉಪಕಾರಿಗಳು.

ಹೆದ್ದಾರಿ ಬದಿಯ ಎಂಟು ದಿನ

ಏನೂ ಇಲ್ಲದ ರಸ್ತೆ ಬದಿಯಿಂದ ಏನು ಮಾಡಬಹುದು ಎಂಬುದಕ್ಕೆ ಹೆಸರಾಂತ ಉದಾಹರಣೆಯೊಂದಿದೆ. ಇಂಗ್ಲೆಂಡ್ ಮೂಲದ ಚಿತ್ರಕಾರ ಡೇವಿಡ್ ಹಾಕ್ನಿ 1986ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಪೇರ್‌ಬ್ಲಾಸಮ್ ಹೆದ್ದಾರಿಯ ಒಂದು ಕೂಡುರಸ್ತೆಯ ಚಿತ್ರ ತೆಗೆದರು. ಅಲ್ಲಿ ಇದ್ದದ್ದು ರಸ್ತೆ, ಸೂಚನಾ ಫಲಕಗಳು, ಕುರುಚಲು ಗಿಡಗಳು, ಯಾರೋ ಎಸೆದುಹೋದ ಡಬ್ಬಿಗಳು. ಹಾಕ್ನಿ ಒಂದು ಕಡೆ ನಿಲ್ಲದೆ, ಏಣಿ ಹತ್ತಿ ಫಲಕದ ಮುಖಕ್ಕೆ ಮುಖಕೊಟ್ಟು, ಬಗ್ಗಿ ನೆಲದ ಕಸದ ಹತ್ತಿರ ಹೋಗಿ, ಏಳುನೂರಕ್ಕೂ ಹೆಚ್ಚು ಚಿತ್ರ ತೆಗೆದು ಒಂದೇ ಹಾಳೆಗೆ ಅಂಟಿಸಿದರು. ಕೃತಿಯ ಹೆಸರಿನಲ್ಲೇ ಏಪ್ರಿಲ್ 11ರಿಂದ 18ರವರೆಗಿನ ದಿನಾಂಕಗಳಿವೆ. ಎಂಟು ದಿನ ನೋಡುವಷ್ಟು ಸರಕು ಆ ಬರಡು ರಸ್ತೆಯಲ್ಲಿತ್ತು ಎಂದಾಯಿತು.

ವರ್ಷಕ್ಕೆ ನಾಲ್ಕು ಸುತ್ತು

ಒಂದು ಚಿತ್ರ ಚೆಂದವಾಗಿ ಬರುವುದಕ್ಕಿಂತ ಹೆಚ್ಚಿನ ಲಾಭ, ಅದೇ ಜಾಗದಲ್ಲಿ ಮತ್ತೆ ಮತ್ತೆ ತೆಗೆಯುವುದರಲ್ಲಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಚಿತ್ರಗಳನ್ನು ತೆಗೆದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಅಕ್ಕಪಕ್ಕ ಇಟ್ಟಾಗ 127 ವರ್ಷಗಳ ಅಂತರ ಕಣ್ಣಿಗೆ ಕಟ್ಟಿತು. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಮ್ಮೆ ಇಟ್ಟಿಗೆಯ ಗೋಪುರ ಇತ್ತೆಂಬುದಕ್ಕೆ ಗ್ರೀನ್‌ಲಾನ ಚಿತ್ರವೇ ಸಾಕ್ಷಿ. ಇಂದು ಅದಿಲ್ಲ.

ಹಂಪೆಗೆ ಗ್ರೀನ್‌ಲಾ ಇದ್ದ, ಗೋಳಗುಮ್ಮಟದ ಊರಿಗೆ ಬಿಗ್ಸ್ ಇದ್ದ. ಅವರ ಕಣ್ಣು ಇದ್ದದ್ದು ಸ್ಮಾರಕಗಳ ಮೇಲೆ. ಇಟ್ಟಂಗಿಹಾಳದಂಥ ಊರಿನ ಬಯಲು ಹೇಗಿತ್ತು ಎಂದು ತೋರಿಸಲು ಯಾರೂ ಮುಕ್ಕಾಲಿ ಹೂಡಲಿಲ್ಲ. ಆ ಬಯಲು ಈಗ ವೇಗವಾಗಿ ಬದಲಾಗುತ್ತಿದೆ. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಒಣಸೀಮೆಯ ಕಡೆ ಹರಿದಿದೆ. ತಿಕೋಟಾ ಭಾಗದಲ್ಲಿ ದ್ರಾಕ್ಷಿ ಚಪ್ಪರಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಎದ್ದಿವೆ. ನಗರವೂ ಬೆಳೆಯುತ್ತಿದೆ. 2014ರಲ್ಲಿ ಬಿಜಾಪುರ ಎಂಬ ಹೆಸರು ವಿಜಯಪುರವಾದದ್ದು ದಾಖಲೆಗಳಲ್ಲಿದೆ. ಜೋಳದ ಹೊಲ ಯಾವಾಗ ದ್ರಾಕ್ಷಿ ತೋಟವಾಯಿತು, ಯಾವ ದಿಣ್ಣೆ ನಿವೇಶನವಾಯಿತು ಎಂಬುದರ ಚಿತ್ರ ಎಲ್ಲೂ ಇಲ್ಲ. ಬದಲಾವಣೆ ಒಳ್ಳೆಯದೇ ಇರಬಹುದು. ನೀರು ಕಂಡ ರೈತನಿಗೆ ಬರಗಾಲದ ಬಯಲಿನ ಮೇಲೆ ಮೋಹವೇನೂ ಇಲ್ಲ. ಆದರೆ ಮೊದಲು ಹೇಗಿತ್ತು ಎಂದು ಗೊತ್ತಿಲ್ಲದವನಿಗೆ ಏನು ಬಂತು, ಏನು ಹೋಯಿತು ಎಂದು ಅಳೆಯಲೂ ಆಗುವುದಿಲ್ಲ.

ಈ ಕೆಲಸವನ್ನು ಊರಿನ ಶಾಲಾ ಮಕ್ಕಳು ಮಾಡಬಹುದು. ರಸ್ತೆಯಿಂದ ಸಾಕಷ್ಟು ದೂರದಲ್ಲಿ, ಬೇಗ ಬದಲಾಗದ ಗುರುತಿನ ಹತ್ತಿರ ಒಂದು ಜಾಗ ಆರಿಸಬೇಕು. ಡಾಂಬರಿನ ಮೇಲೆ ನಿಂತು ತಿರುಗುವುದು ಖಂಡಿತ ಕೂಡದು; ಸುತ್ತುವವನ ಬೆನ್ನಿಗೆ ಕಣ್ಣಿರುವುದಿಲ್ಲ. ಮೇ ಕೊನೆ, ಸೆಪ್ಟೆಂಬರ್ ಕೊನೆ, ಎಳ್ಳಮಾವಾಸ್ಯೆ ಮತ್ತು ಯುಗಾದಿ ಹೀಗೆ ವರ್ಷಕ್ಕೆ ನಾಲ್ಕು ಸಲ, ಅದೇ ಗುರುತಿನ ಮೇಲೆ, ಅದೇ ಎತ್ತರದಲ್ಲಿ, ಉತ್ತರ ದಿಕ್ಕಿನಿಂದ ಆರಂಭಿಸಿ ಒಂದು ಸುತ್ತು. ಹೋಲಿಕೆಗಾಗಿ ತೆಗೆಯುವಾಗ ಮಾತ್ರ ಸೂರ್ಯನ ದಿಕ್ಕಿಗಿಂತ ಈ ನಿಯಮವೇ ಮುಖ್ಯ. ದಿನಾಂಕ, ವೇಳೆ, ಹೊಲದಲ್ಲಿದ್ದ ಬೆಳೆ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಚಿತ್ರ ಫೋನಿನಲ್ಲೇ ಇದ್ದರೆ ಫೋನಿನ ಜೊತೆಗೇ ಹೋಗುತ್ತದೆ. ಡಿಗ್ರಿಗೆ 60 ಚುಕ್ಕೆಯಂತೆ ಪೂರ್ತಿ ಸುತ್ತಿಗೆ 21,600 ಚುಕ್ಕೆ. ಅಂಗುಲಕ್ಕೆ 300ರಂತೆ ಅಚ್ಚು ಹಾಕಿಸಿದರೆ ಆರು ಅಡಿ ಉದ್ದದ ಪಟ್ಟಿ. ಶಾಲೆಯ ಒಂದು ಗೋಡೆಗೆ ಸರಿಹೋಗುವ ಅಳತೆ ಅದು. ವರ್ಷಕ್ಕೊಂದು ಪಟ್ಟಿ ಏರಿಸಿದರೆ ಹತ್ತನೆಯ ತರಗತಿಯ ಹುಡುಗಿ ತಾನು ಒಂದನೆಯ ತರಗತಿಯಲ್ಲಿದ್ದಾಗಿನ ಬಯಲನ್ನು ಅಲ್ಲೇ ನೋಡಬಹುದು.

ಪಾಲಕರಿಗೂ ಇದರಲ್ಲಿ ಪಾತ್ರ ಉಂಟು. ‘ಮೊಬೈಲು ಕೆಳಗಿಡು’ ಎಂಬ ಮಾತು ಇಂದು ಪ್ರತಿ ಮನೆಯಲ್ಲೂ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಅದಕ್ಕೆ ಕಾರಣವೂ ಇದೆ. ಆದರೆ ಅದೇ ಮೊಬೈಲು ಕೋನ ಅಳೆಯುವ, ನೆಲ ನೋಡುವ ಉಪಕರಣವಾಗುವ ಒಂದು ಗಂಟೆಯನ್ನು ಬೇರೆ ಲೆಕ್ಕದಲ್ಲಿ ಇಡಬಹುದು. ಮುದ್ರಿಸಿದ ಪಟ್ಟಿಯನ್ನು ಮನೆಯ ಅಜ್ಜಿಯ ಮುಂದೆ ಹಾಸಿದರೆ ಇನ್ನೂ ಒಳ್ಳೆಯದು. ‘ಈ ಕಡೆ ಬಾವಿ ಇತ್ತು, ಆ ಕಡೆ ಮಾವಿನ ತೋಪು ಇತ್ತು’ ಎಂದು ಅವರು ಬೆರಳಿಟ್ಟು ತೋರಿಸಿದ್ದನ್ನೆಲ್ಲ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಯಾವ ಕ್ಯಾಮೆರಾಕ್ಕೂ ಸಿಗದ ಹಳೆಯ ಬಯಲು ಉಳಿದಿರುವುದು ಅಲ್ಲೊಂದೇ ಕಡೆ, ಅದೂ ಕೇಳುವವರು ಇರುವಷ್ಟು ದಿನ.